ಟೈಗರ್ ಬಾಯಿಬಿಟ್ಟ ದಿನ

ಮನೆಮನೆಗೆ ಹೋಗಿ ಒಂದೊಂದೇ ನಾಯಿಗೆ ಮಾತು ಕಲಿಸುವುದು ನನ್ನ ಕೆಲಸ. ಮಾತಾಡಿಸುವ ಬೆಲ್ಟ್ ಕುತ್ತಿಗೆಗೆ ಕಟ್ಟಿದರೆ ಎಂಥ ನಾಯಿಯೂ ವಾರದೊಳಗೆ ಬಾಯಿಬಿಡುತ್ತದೆ. ಗಿರಿಜಕ್ಕನ ಟೈಗರ್ ಮಾತ್ರ ಮೂರು ತಿಂಗಳಾದರೂ ಮೂಕ. ಇವತ್ತೂ ಮಾತಾಡದಿದ್ದರೆ ಬೆಲ್ಟ್ ಬಿಚ್ಚಿಬಿಡಿ ಎಂದಿದ್ದರು ಆ ಮನೆಯ ಯಜಮಾನರು.

“ಟೈಗರ್, ಕಮ್! ಸಿಟ್! ಸ್ಪೀಕ್!” ಎಂದರು ಗಿರಿಜಕ್ಕ.

ನನಗೆ ರೇಗಿತು. “ಅಕ್ಕಾ, ಮಕ್ಕಳನ್ನೂ ಹೀಗೇ ಇಂಗ್ಲಿಷಲ್ಲಿ ಗದರ್ತೀರಾ? ಮನೆಯವರನ್ನ ಮಾತಾಡಿಸೋ ಹಾಗೆ ಮಾತಾಡಿಸಿ.”

ಅವರು ನಾಚಿಕೊಂಡು ಅದರ ಪಕ್ಕ ನೆಲದ ಮೇಲೆ ಕೂತರು. “ಊಟ ಆಯ್ತೇನೋ, ಟೈಗರ್?”

ಬಾಲ ಅಲ್ಲಾಡಿತು. ಬೆಲ್ಟ್ ಗೊರಗೊರ ಎಂದಿತು. “ನಂದಾಯ್ತು. ನಿಂದು?”

ಗಂಟೆ ಮೂರಾಗಿತ್ತು. ಬೆಳಗಿನಿಂದ ಆರು ಜನಕ್ಕೆ ಬಡಿಸಿದ್ದ ಗಿರಿಜಕ್ಕ ಎದ್ದುಹೋಗಿ, ತಮಗೊಂದು ತಟ್ಟೆ ಹಾಕಿಕೊಂಡರು.