ಈಸ್ಟರ್ ಹಾಡಿಗೆ ಬೇರೆ ದನಿ

ಗಂಡನ ಪಿಕಪ್ ಟ್ರಕ್ಕು ಸೇತುವೆ ದಾಟಿ ಎಡಕ್ಕೆ, ಪೇಟೆಯ ಕಡೆಗೆ ತಿರುಗಿತು. ಪೀಪಾಯಿ ಕಾರ್ಖಾನೆ ಇರುವುದು ಬಲಕ್ಕೆ. ನೆರೆಮನೆಯ ಮಾಜೆಲ್‌ಳ ಕಾರಿನಲ್ಲಿ ಹಿಂದೆ ಬರುತ್ತಿದ್ದ ವರ್ನಾ ಸ್ಟ್ಯಾಂಪರ್ ಹಲ್ಲು ಕಚ್ಚಿದಳು. ಓವರ್‌ಟೈಮ್ ಇದೆ ಎಂದು ಹೇಳಿ ಹೊರಟವನು ಚರ್ಚಿಗೆ ಹಾಕುವ ನೀಲಿ ಅಂಗಿ ತೊಟ್ಟಿದ್ದ.

"ಹಾಡು ಕಟ್ಟೋ ಗಂಡಸ್ರು ಒಂದೇ ದನೀಲಿ ತೃಪ್ತಿ ಪಡ್ತಾರೇನಮ್ಮ?" ಎನ್ನುತ್ತಲೇ ಮಾಜೆಲ್ ಕಾರಿನ ಕೀಲಿ ಕೊಟ್ಟಿದ್ದಳು.

ಲೂಥರ್ ಸ್ಟ್ಯಾಂಪರ್ ವಿಸ್ಕಿ ಪೀಪಾಯಿಗಳಿಗೆ ಕಬ್ಬಿಣದ ಪಟ್ಟಿ ಬಡಿಯುವವನು. ತಾನು ಮಾತ್ರ ಒಂದು ಹನಿ ಕುಡಿದವನಲ್ಲ. ಮೀಸೆ ಮೂಡುವ ಮೊದಲೇ ಸುತ್ತಿಗೆ ಹಿಡಿದಿದ್ದ. ಆ ಬಡಿತದ ಲಯದಲ್ಲೇ ದೇವರ ಹಾಡು ಕಟ್ಟುತ್ತಿದ್ದ. ಅವುಗಳಲ್ಲಿ ಬುತ್ತಿ ಡಬ್ಬಿ ಇರುತ್ತಿತ್ತು, ಬೆನ್ನುನೋವು ಇರುತ್ತಿತ್ತು, ಸೋರುವ ಮಾಡು ಇರುತ್ತಿತ್ತು, ಕೊನೆಯ ಚರಣದಲ್ಲಿ ಏಸು ಬಂದೇ ಬರುತ್ತಿದ್ದ. ಕೆಂಟಕಿಯ ಆ ಕಣಿವೆಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಲೂಥರ್ ಗಿಟಾರ್ ಹಿಡಿದು ನಿಂತರೆ ಪಕ್ಕದಲ್ಲಿ ವರ್ನಾ ಇರಲೇಬೇಕು. ಮದುವೆಗೆ ಮುಂಚಿನಿಂದಲೂ ಅದೇ ಜೋಡಿ.

ಈ ಚಳಿಗಾಲದಲ್ಲಿ ಏನೋ ಕೆಟ್ಟಿತು.

ಈಸ್ಟರಿಗೆಂದು ಅವನು ಹೊಸ ಹಾಡು ಕಟ್ಟಿದ: "ಪಟ್ಟಿ ಬಡಿದ ಮೈ ಇದು ಪ್ರಭುವೇ, ಬೇರೆ ಕಾಣಿಕೆ ನನ್ನಲ್ಲಿಲ್ಲ." ಅಡುಗೆಮನೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂರಿಸಿ ಹಾಡಿಸಿದ. ತಪ್ಪು ಹಿಡಿಯಲು ಕಾದ ಮೇಷ್ಟರ ಹಾಗೆ ಅವಳ ತುಟಿಗಳನ್ನೇ ದಿಟ್ಟಿಸಿದ.

"ದನಿ ಬಿಟ್ಟು ಹಾಡು ವರ್ನಾ. ಇಷ್ಟು ಸಣ್ಣಗೆ ಹಾಡಿದ್ರೆ ದೇವರಿಗೂ ತಲುಪಲ್ಲ."

"ಇನ್ನೂ ಕೂಗಿದ್ರೆ ಮಾಜೆಲ್ ನಾಯೀನೂ ಜೊತೆ ಸೇರ್ಕೊಳುತ್ತೆ."

ಅವನು ನಗಲಿಲ್ಲ. ಗಿಟಾರಿನ ಅಂಚಿಗೆ ಗಲ್ಲ ಒತ್ತಿ, ಕೂಸನ್ನು ತಬ್ಬಿದವನಂತೆ ಕಣ್ಣುಮುಚ್ಚಿ ಮೀಟಿದ. ಆಮೇಲೆ ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ.

"ಈ ಸಲ ನಾವು ಹಾಡೋದು ಬೇಡ. ಬೇರೆ ಯಾರಾದ್ರೂ ಹಾಡ್ಲಿ."

ಕಣ್ಣೀರು ಕಾಣದಿರಲೆಂದು ವರ್ನಾ ಸಿಂಕಿನತ್ತ ತಿರುಗಿ ನಲ್ಲಿ ಬಿಟ್ಟಳು. "ಯಾರ ಕೈಲಿ ಹಾಡಿಸ್ತೀಯ?"

"ಈಗ್ಲೇ ಬೇಡ ಕಣೇ, ಹಸಿವಿಲ್ಲ."

ಹೀಗೆ ಮಾತು ಮರೆಸುವ ಗಂಡನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಗುರುವಾರ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಪಕ್ಕದ ಕುರ್ಚಿಯಲ್ಲಿದ್ದ ಲೂಥರ್ ಅಲುಗಲಿಲ್ಲ. ಹಿತ್ತಲಿನಿಂದ ಓಡಿಬಂದು ವರ್ನಾ ಎತ್ತಿಕೊಂಡಳು. ಎಳೆಯ ಹೆಣ್ಣುದನಿ.

"ಲೂಥರ್‌ಗೆ ಶನಿವಾರ ಬೆಳಿಗ್ಗೆ ಅಂತ ಹೇಳ್ತೀರಾ? ಅವ್ರಿಗೆ ಗೊತ್ತು."

"ನೀನ್ಯಾರಮ್ಮ?"

ಆ ಕಡೆ ತಡವರಿಕೆ. "ಅಯ್ಯೋ, ಮನೇಲಿ ಹೇಳ್ಬೇಡಿ ಅಂದಿದ್ರು. ಕ್ಷಮಿಸಿ." ಫೋನ್ ಇಟ್ಟಾಯಿತು.

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಕೈ ಒಂದು ಕೆಲಸ ಹಿಡಿದರೆ ಮನಸ್ಸು ಇನ್ನೊಂದು ಕಡೆ. ಪ್ರಾರ್ಥನೆಗೆ ಕೂತರೂ ಕಿವಿಯಲ್ಲಿ ಅದೇ ಎಳೆಯ ದನಿ.

ಇವತ್ತು ಆ ಶನಿವಾರ. ಪೇಟೆಯಲ್ಲಿ ಲೂಥರ್ ಒಂದು ಇಟ್ಟಿಗೆ ಕಟ್ಟಡದ ಹಿಂದೆ ಟ್ರಕ್ಕು ನಿಲ್ಲಿಸಿದ. ಕಳ್ಳನಂತೆ ಅತ್ತಿತ್ತ ನೋಡಿ, ಕೂದಲು ಸವರಿಕೊಂಡು ಹಿಂಬಾಗಿಲಿನಿಂದ ಒಳಹೊಕ್ಕ. ವರ್ನಾ ಕಾರಿನಲ್ಲೇ ಕೂತು ಸ್ಟೀರಿಂಗ್ ಹಿಂಡಿದಳು. ವಾಪಸ್ ಹೋಗಿಬಿಡಲೇ ಅನಿಸಿತು. ಇಳಿದು ಅದೇ ಬಾಗಿಲಿನಿಂದ ಒಳಗೆ ನಡೆದಳು. ಪಡಸಾಲೆಯ ಕೊನೆಯಲ್ಲೊಂದು ಗಾಜಿನ ಬಾಗಿಲು. ಇಣುಕಿದಳು.

ಅನುಮಾನ ಸುಳ್ಳಾಗಲಿಲ್ಲ. ದಪ್ಪ ಗಾಜಿನ ಕಿರುಕೋಣೆಯೊಳಗೆ ಲೂಥರ್, ತಲೆಗೆ ಹೆಡ್‌ಫೋನ್. ಈಚೆ ಬದಿಗೆ, ವರ್ನಾಗೆ ಬೆನ್ನು ಮಾಡಿ ಕೆಂಗೂದಲಿನ ಹುಡುಗಿಯೊಬ್ಬಳು ಮೈಕಿನ ಮುಂದೆ ಕೂತಿದ್ದಳು. ಒಂದು ಕೈ ಗುಂಡಿ ತಿರುಗಿಸುತ್ತಿತ್ತು, ಇನ್ನೊಂದರಲ್ಲಿ ಕಾಗದ. ರೆಕಾರ್ಡಿಂಗ್ ನಡೆದಿದೆ. ತಮ್ಮ ಅಡುಗೆಮನೆಯಲ್ಲಿ ಹುಟ್ಟಿದ ಹಾಡು, ತಾನು ನಿಲ್ಲಬೇಕಾದ ಜಾಗ. ಬೈಗುಳವೊಂದು ವರ್ನಾಳ ನಾಲಿಗೆಯ ತುದಿಗೆ ಬಂತು. ಬಾಗಿಲು ನೂಕಿದಳು.

ಹುಡುಗಿ ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ಮೈಕಿನೊಳಗೆ ಗಟ್ಟಿಯಾಗಿ ಹೇಳುತ್ತಿದ್ದಳು: "ಎಡಗಿವಿ ಆಯ್ತು, ಲೂಥರ್. ಈಗ ಬಲಗಿವಿಗೆ ಇನ್ನೂ ಜೋರಾಗಿ ಹೇಳ್ತೀನಿ. ಕೇಳಿಸಿದ್ರೆ ಕೈ ಎತ್ತಿ."

ಗಾಜಿನಾಚೆ ಲೂಥರನ ಎರಡೂ ಕೈಗಳು ಮಂಡಿಯ ಮೇಲೆ ಹಾಗೆಯೇ ಇದ್ದವು.