ಮಾರುವ ಮನೆಯ ಕಲ್ಲು

ಅಡುಗೆಕಟ್ಟೆಯ ಕರಿಗಲ್ಲಿನ ಮೇಲೆ ಆ ಬೆಳಿಗ್ಗೆಯೂ ಪಾತ್ರೆಯ ತಳದಷ್ಟು ಅಗಲದ ಒದ್ದೆ ಉಂಗುರವೊಂದು ಮೂಡಿತ್ತು. ಹೊಸ ಮನೆಗೆ ಇನ್ನೂ ನೀರಿನ ಸಂಪರ್ಕ ಬಂದಿರಲಿಲ್ಲ. ಒಲೆ ಕೂರಿಸಲು ಕೊರೆದ ಕಂಡಿ ಖಾಲಿಯಾಗಿ ಬಾಯ್ದೆರೆದುಕೊಂಡಿತ್ತು. ಇದ್ದ ಒಂದೇ ಬೀಗದ ಕೈ ರಾತ್ರಿಯಿಡೀ ಹೆಂಡತಿಯ ದಿಂಬಿನಡಿಯಲ್ಲಿತ್ತು. ಅವಳು ಉಂಗುರದ ಮೇಲೆ ಬೆರಳಿಟ್ಟು, ಚುರುಕ್ಕೆಂದಂತಾಗಿ ಹಿಂದಕ್ಕೆಳೆದುಕೊಂಡಳು.

"ರೀ, ಬಿಸಿ ಇದೆ. ಯಾರೋ ಈಗ ತಾನೇ ಪಾತ್ರೆ ಇಳಿಸಿಟ್ಟು ತೆಗೆದ ಹಾಗೆ."

"ಬಣ್ಣದವರು ಚಹಾ ಕಾಯಿಸಿಕೊಂಡಿರ್ತಾರೆ, ಬಿಡೇ," ಎಂದ ಗಂಡ. ಮನೆ ಕಟ್ಟುವುದು, ಮಾರುವುದು, ಮತ್ತೊಂದಕ್ಕೆ ಪಾಯ ತೋಡುವುದು ಅವನ ಕಸುಬು.

"ಬಣ್ಣದವರು ಹೋಗಿ ವಾರ ಆಯ್ತು. ಮೊದಲು ಇದು ಒಲೆ ಕಂಡಿ ಪಕ್ಕ ಇತ್ತು. ನಿನ್ನೆ ಒಂದು ಗೇಣು ಈಚೆ. ಇವತ್ತು ಸೀಳಿನ ಮೇಲೇ ಬಂದು ಕೂತಿದೆ, ನೋಡಿ."

"ಮೆಲ್ಲಗೆ ಮಾತಾಡು! ಗೋಡೆಗೂ ಕಿವಿ ಇರುತ್ತೆ."

"ಗೋಡೆಗೆ ಇದೆಯೋ ಇಲ್ವೋ, ನಿಮಗಂತೂ ಇಲ್ಲ."

ಆ ಸೀಳು ಕಣ್ಣಿಗೆ ಕಾಣುವಂಥದ್ದಲ್ಲ. ಕಲ್ಲಿನ ಅಂಗಡಿಯಲ್ಲಿ ಒಂದೇ ಬಣ್ಣದ ಎರಡು ಹಾಸುಗಳು ಅಕ್ಕಪಕ್ಕ ನಿಂತಿದ್ದವು: ಒಂದು ಇಡಿಯದು, ಇನ್ನೊಂದು ಸಾಗಣೆಯಲ್ಲಿ ಅಡ್ಡಲಾಗಿ ಸೀಳಿದ್ದು. ಸೀಳಿಗೆ ಅಂಟು ತುಂಬಿ, ಕಪ್ಪು ಮೇಣ ತೀಡಿ, ಮೇಲೊಂದು ಹೊಳಪು ಕೊಟ್ಟರೆ ಹೆತ್ತ ಬೆಟ್ಟಕ್ಕೂ ಗುರುತು ಸಿಗದು ಎಂದು ಅಂಗಡಿಯವನು ನಕ್ಕಿದ್ದ. "ಬಿಸಿಗೆ ಅಂಟು ಬಿಟ್ಕೊಂಡ್ರೆ? ಯಾರಾದ್ರೂ ಕುದಿಯೋ ಪಾತ್ರೆ ಇಟ್ಟಾಗಲೇ ಕಲ್ಲು ಮುರಿದು ಬಿದ್ರೆ?" ಎಂದು ಹೆಂಡತಿ ಅಲ್ಲಿಯೇ ಕೇಳಿದ್ದಳು. "ಆ ಯಾರಾದ್ರೂ ನಮಗೇನು ಸೋದರತ್ತೆ ಮಗಳಾ?" ಎಂದು ಗಂಡ ಸೀಳಿದ ಕಲ್ಲನ್ನೇ ಗಾಡಿಗೆ ಹೇರಿಸಿದ್ದ. ತಾನು ವಾಸಿಸುವ ಮನೆಗೆ ಕಲ್ಲು ಆರಿಸುವಾಗ ಇದೇ ಮನುಷ್ಯ ಒಂದೊಂದು ಹಾಸನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಒಪ್ಪಿದ್ದ. ಮಾರುವ ಮನೆಗೆ ಹೊಳಪೊಂದೇ ಸಾಕಾಯಿತು. ಇದನ್ನು ಜನ ವ್ಯವಹಾರ ಎನ್ನುತ್ತಾರೆ. ಕಳ್ಳತನಕ್ಕೆ ಇದಕ್ಕಿಂತ ಮಾನದ ಹೆಸರು ಇನ್ನೂ ಹುಟ್ಟಿಲ್ಲ.

"ಇಡೀ ಕಲ್ಲು ಅಂಗಡೀಲಿ ಇನ್ನೂ ಇದೆಯಂತೆ, ಫೋನ್ ಮಾಡಿ ಕೇಳಿದೆ. ಬದಲಾಯಿಸಿಬಿಡೋಣ ಕಣ್ರೀ."

"ಕೊಳ್ಳೋಳು ದಾರೀಲಿದ್ದಾಳೆ. ಕಟ್ಟೆ ಕಿತ್ತಿರೋ ಅಡುಗೆಮನೆ ತೋರಿಸ್ಲಾ? ನೀನು ಸುಮ್ನೆ ನಿಂತ್ಕೋ. ಏನಾದ್ರೂ ಕೇಳಿದ್ರೆ ಹೂಂ ಅನ್ನು, ಸಾಕು."

ಅವನು ಕರವಸ್ತ್ರದಿಂದ ಉಂಗುರವನ್ನು ಒರೆಸಿದ. ಬಟ್ಟೆಯಿಂದ ತೆಳ್ಳಗೆ ಹಬೆ ಎದ್ದಿತು. ಅದನ್ನು ಮಡಿಸಿ ಜೇಬಿಗೆ ತುರುಕಿದವನು, ತೊಡೆಗೆ ತಾಗಿದ ಬಿಸಿಗೆ ಮುಖ ಸಿಂಡರಿಸಿದ.

ಕೊಳ್ಳಲು ಬಂದವಳು ಎಳೆಯ ಪ್ರಾಯದ ತಾಯಿ. ಸೊಂಟದ ಮೇಲೆ ಹೆಣ್ಣುಮಗು. ನಡುಮನೆ, ಮಲಗುವ ಕೋಣೆಗಳನ್ನೆಲ್ಲ ಗಾಳಿಯಂತೆ ಹಾದುಬಂದು ಅಡುಗೆಮನೆಯಲ್ಲಿ ನಿಂತಳು.

"ಅಬ್ಬಾ, ಮುಖ ನೋಡ್ಕೋಬಹುದು! ಒಂದೇ ಕಲ್ಲಾ, ಅಣ್ಣ?"

"ಒಂದೇ ಕಲ್ಲಮ್ಮ. ಆನೆ ಬಂದು ಕೂತ್ರೂ ಜಗ್ಗಲ್ಲ."

"ಆನೆ ಯಾಕೆ, ಮನೆ ಮುರಿಯೋಕೆ ಇವಳೊಬ್ಬಳು ಸಾಕು," ಎಂದು ಮಗುವನ್ನು ಕುಲುಕಿ ನಕ್ಕ ಅವಳು, ಹೆಂಡತಿಯ ಕಡೆ ತಿರುಗಿದಳು. "ಗಂಡಸರ ಮಾತು ಇರಲಿ. ಒಲೆ ಮುಂದೆ ನಿಲ್ಲೋರು ನಾವು. ನಿಜ ಹೇಳಿ ಅಕ್ಕ, ನಿಮ್ಮನೆಗೇ ಆಗಿದ್ರೆ ಇದೇ ಕಲ್ಲು ಹಾಕಿಸ್ತಿದ್ರಾ?"

ಗಂಡ ಕೆಮ್ಮಿದ. ಉತ್ತರಕ್ಕೆ ಕಾಯುತ್ತಿದ್ದ ತಾಯಿಯ ಮುಖವನ್ನು ಹೆಂಡತಿ ನೋಡಿದಳು, ಗಂಡನ ಕಣ್ಣನ್ನು ನೋಡಿದಳು. ನಿಜಕ್ಕೆ ನಾಲ್ಕು ಮಾತು ಬೇಕಿತ್ತು, ಸುಳ್ಳಿಗೆ ಒಂದಕ್ಷರ ಸಾಕಾಗಿತ್ತು.

"ಹೂಂ," ಎಂದಳು.

"ಹಾಗಾದ್ರೆ ಮುಗೀತು. ಈ ಮನೆ ನಮ್ಮದೇ ಅಂದ್ಕೊಳ್ಳಿ." ಮಗು ಸೊಂಟದಿಂದ ಜಾರಲು ಕೊಸರಾಡಿತು. "ನೋಡಿ ಅಕ್ಕ, ನೆಟ್ಟಗೆ ನಿಲ್ಲೋಕೂ ಬರಲ್ಲ, ಆಗಲೇ ಅಡುಗೆಮನೇಲಿ ಇಳೀಬೇಕಂತೆ!" ತಾಯಿ ಅದರ ಕಂಕುಳಿಗೆ ಕೈ ಕೊಟ್ಟು ಕೆಳಗಿಳಿಸತೊಡಗಿದಳು.

ಆಗ ಹೆಂಡತಿ ನೆಲ ನೋಡಿದಳು. ಒಣಗಿದ ಹೊಸ ನೆಲದ ಮೇಲೆ, ಸೀಳಿನ ನೇರ ಕೆಳಗೆ, ಎರಡು ಪುಟ್ಟ ಒದ್ದೆ ಹೆಜ್ಜೆಗಳು ಕಟ್ಟೆಯತ್ತ ಮುಖ ಮಾಡಿ ನಿಂತಿದ್ದವು. ಬೆರಳುಗಳಷ್ಟೇ ಬಲವಾಗಿ ಊರಿದ್ದವು, ಮೇಲಿದ್ದದ್ದೇನನ್ನೋ ಎಟುಕಿಸಿಕೊಳ್ಳಲು ತುದಿಗಾಲಲ್ಲಿ ನಿಂತವರ ಹೆಜ್ಜೆಯಂತೆ. ಅಲ್ಲಿಗೆ ಬಂದ ಗುರುತಾಗಲಿ ಅಲ್ಲಿಂದ ಹೋದ ಗುರುತಾಗಲಿ ಇರಲಿಲ್ಲ. ತಾಯಿ ಮಗುವನ್ನು ತಂದು ಸರಿಯಾಗಿ ಅವುಗಳ ಮೇಲೆಯೇ ನಿಲ್ಲಿಸಿದಳು.

ಹೆಜ್ಜೆಗಳು ಮಗುವಿನ ಪಾದಕ್ಕಿಂತ ತುಸು ದೊಡ್ಡವಾಗಿದ್ದವು. ಒಂದೆರಡು ವರ್ಷದಲ್ಲಿ ಸರಿಹೋಗುವಷ್ಟು.