ಪ್ರಭಾವದ ವಿಚಾರಣೆ

ಮಂತ್ರಿಯಾಗಿದ್ದಾಗ ತಿಪ್ಪೇರುದ್ರಪ್ಪನವರು ಬೆಲ್ ಒತ್ತಿದರೆ ಕಾಫಿ ಬರುತ್ತಿತ್ತೇ ಎಂಬ ಗಹನವಾದ ಪ್ರಶ್ನೆ ಅಂದು ಸಮಿತಿಯ ಮುಂದಿತ್ತು. ಮಾಜಿ ಮಂತ್ರಿಗಳು ಎರಡು ವರ್ಷ ಯಾವ ಕಂಪನಿಯ ಪರವಾಗಿಯೂ ಸರ್ಕಾರದ ಕಚೇರಿಗಳಲ್ಲಿ ಓಡಾಡುವಂತಿರಲಿಲ್ಲ. ಪ್ರಭಾವವೇ ಇಲ್ಲದವರಿಗೆ ಮಾತ್ರ ವಿನಾಯಿತಿ. ಸಿಮೆಂಟ್ ಕಂಪನಿಯೊಂದು ಸಲಹೆಗಾರರಾಗಿ ಕರೆದಿದ್ದರಿಂದ ತಿಪ್ಪೇರುದ್ರಪ್ಪನವರು ಆ ವಿನಾಯಿತಿ ಕೇಳಿ ಬಂದಿದ್ದರು.

"ಎಲ್ಲಿಯ ಕಾಫಿ ಸ್ವಾಮಿ? ಬೆಲ್ ಕೆಟ್ಟಿತ್ತು. ರಿಪೇರಿಗೆ ನಾನೇ ಮೂರು ಸಲ ಅರ್ಜಿ ಹಾಕಿದ್ದೆ."

"ಅಧಿಕಾರಿಗಳು ನಿಮ್ಮ ಮಾತು ಕೇಳ್ತಿದ್ರಲ್ಲ?"

"ನನ್ನ ಡ್ರೈವರೇ ಕೇಳ್ತಿರಲಿಲ್ಲ. ಅವನು ಕಾರು ನಿಲ್ಲಿಸಿದ ಕಡೆ ಇಳಿದು ಉದ್ಘಾಟನೆ ಮಾಡ್ತಿದ್ದೆ."

ವಿಧಾನಸಭೆಯಲ್ಲೂ ತಾವು ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ ಎಂದು ಅವರಿಗೇ ಅನ್ನಿಸಿತು. ಇವರಿಗೆ ಎಳ್ಳಷ್ಟೂ ಪ್ರಭಾವವಿಲ್ಲವೆಂದು ಸಮಿತಿ ಒಮ್ಮತದಿಂದ ಬರೆದು ಅನುಮತಿ ಕೊಟ್ಟಿತು.

ಕಂಪನಿಯ ಮಾಲೀಕರು ಆ ಆದೇಶವನ್ನು ಪೂರ್ತಿ ಓದಿ, ಕೆಲಸವನ್ನು ಬೇರೊಬ್ಬರಿಗೆ ಕೊಟ್ಟರು.